ಇಪ್ಪತ್ತೆಂಟು ಕಿಲೋ

ಠಾಕುರ್ಲಿ ಸ್ಟೇಶನ್ನಿನಲ್ಲಿ ಆ ಬೆಳಿಗ್ಗೆ ಟ್ರೇನಿನ ಮೆಟ್ಟಿಲಿಗೆ ಕಾಲಿಡಲು ಹೋದೆ, ಕಾಲು ಏಳಲಿಲ್ಲ. ನೋವೇನೂ ಇರಲಿಲ್ಲ. ನಾನು ಹೇಳಿದ್ದು ಅದಕ್ಕೆ ಕೇಳಿಸಲೇ ಇಲ್ಲವೇನೋ ಎನ್ನುವ ಹಾಗೆ ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತಿತ್ತು. ಹಿಂದಿದ್ದ ಹೆಂಗಸರು "ಚಲಾ, ಚಲಾ" ಎಂದು ನೂಕಿದರು. ಅವರ ನೂಕಿನಲ್ಲೇ ಲೇಡೀಸ್ ಡಬ್ಬಿಯೊಳಗೆ ಸೇರಿದೆ.

ಅದು ಎರಡು ಸಾವಿರದ ಒಂಬತ್ತರ ಮಳೆಗಾಲ. ನನಗೆ ಮೂವತ್ತಾರು. ತುರ್ಭೆಯಲ್ಲಿ ಒಂದು ಪ್ಯಾಕಿಂಗ್ ಕಂಪನಿಯ ಸ್ಟೋರಿನಲ್ಲಿ ಕೆಲಸ. ಹಿಂದಿನ ವಾರ ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದೆ, ಅದರ ಸುಸ್ತು ಇರಬೇಕು ಎಂದುಕೊಂಡೆ. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯಲಾಗಲಿಲ್ಲ. ಸಂಜೆ ಮನೆಯ ಮೂರು ಮಾಳಿಗೆಯನ್ನು ಮೆಟ್ಟಿಲ ಬದಿಯ ಕಂಬಿ, ಆ ಕಠಡಾ ಹಿಡಿದು ಅರ್ಧ ಗಂಟೆ ಹತ್ತಿದೆ. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇರಲಿಲ್ಲ. ಮರುದಿನ ಎದ್ದು ಕೂರಲಾಗಲಿಲ್ಲ. ಅದರ ಮರುದಿನ ಠಾಣೆಯ ಆಸ್ಪತ್ರೆಯಲ್ಲಿ ನನ್ನ ಗಂಟಲಿಗೆ ನಳಿಗೆ ಹಾಕಿ, ಉಸಿರಾಡುವ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಿದರು.

ಜಿಬಿಎಸ್ ಎಂದು ಡಾಕ್ಟರು ಹೊರಗೆ ಕಾರಿಡಾರಿನಲ್ಲಿ ನನ್ನ ಗಂಡನಿಗೆ ಹೇಳಿದರಂತೆ. ನರಗಳಿಗೆ ಬರುವ ಕಾಯಿಲೆ, ಹೆಚ್ಚಿನವರು ಎದ್ದು ನಡೆಯುತ್ತಾರೆ, ಆದರೆ ಯಾವಾಗ ಎಂದು ಹೇಳಲಾಗದು. ನನಗೆ ಈ ಯಾವುದನ್ನೂ ಆಗ ಯಾರೂ ಹೇಳಲಿಲ್ಲ. ನನಗೆ ಪ್ರಜ್ಞೆ ಇದೆ ಎಂದು ಮನೆಯವರಿಗೆ ಅನಿಸಿರಲೇ ಇಲ್ಲ. ಮುಖದ ಸ್ನಾಯುಗಳೂ ಹೋಗಿದ್ದರಿಂದ ರೆಪ್ಪೆ ಮುಚ್ಚುತ್ತಿರಲಿಲ್ಲ. ಕಣ್ಣು ಒಣಗದಿರಲಿ ಎಂದು ಮುಲಾಮು ಹಚ್ಚಿ ಮೇಲೆ ಟೇಪು ಅಂಟಿಸಿದ್ದರು. ಹೊರಗಿನಿಂದ ನೋಡಿದವರಿಗೆ ನಾನು ಸತ್ತ ಹಾಗೆ ಕಾಣುತ್ತಿದ್ದೆನೋ ಏನೋ. ಆದರೆ ಒಳಗೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಕೇರಳದ ಒಬ್ಬ ಸಿಸ್ಟರ್‌ಗೆ ಮಾತ್ರ ಅದು ಗೊತ್ತಿತ್ತು. ಮುಟ್ಟುವ ಮೊದಲು ಹೇಳುತ್ತಿದ್ದಳು, ಹರಕು ಹಿಂದಿಯಲ್ಲಿ: "ವಾರಿಜಾ, ಅಭೀ ಲೆಫ್ಟ್ ಸೈಡ್ ಘುಮಾಯೇಗಾ. ಬಾಹರ್ ಬಹುತ್ ಬಾರಿಶ್ ಹೈ." ಈಗ ಎಡಕ್ಕೆ ಹೊರಳಿಸುತ್ತೇನೆ, ಹೊರಗೆ ಮಳೆ ಇದೆ ಎಂದು ಒಬ್ಬರು ನನಗೆ ತಿಳಿಸುತ್ತಿದ್ದುದೇ ಯಂತ್ರದ ಮೇಲಿದ್ದ ಆ ಇಪ್ಪತ್ತಮೂರು ದಿನಗಳ ದೊಡ್ಡ ಉಪಕಾರ.

ಗಂಡನ ಹೆಸರು ಸದಾನಂದ. ಮೊದಲು ನಾನು ಅವನನ್ನು 'ಅವರು' ಎನ್ನುತ್ತಿದ್ದೆ. ಈ ಬರಹದಲ್ಲಿ 'ಅವನು' ಎಂದೇ ಬರೆಯುತ್ತೇನೆ. ಅವನ ಅಣ್ಣ ವಿಠಲ, ನನಗೆ ಭಾವ, ಕಲ್ಯಾಣದಲ್ಲಿ ಹೋಟೆಲ್ ನಡೆಸುತ್ತಿದ್ದರು. ಸದಾನಂದ ಅಲ್ಲಿ ಗಲ್ಲಾದಲ್ಲಿ ಕೂರುವವನು. ಭಾವನ ಮನೆ ನಮ್ಮ ಎದುರು ಬಾಗಿಲು. ಅನ್ನ, ಮನೆ, ಮಾತು ಎಲ್ಲವೂ ಆ ಬಾಗಿಲಿನಿಂದಲೇ ಬರುತ್ತಿತ್ತು.

ಒಂದು ದಿನ ಇಬ್ಬರೂ ಹಾಸಿಗೆಯ ಎಡಬದಿಗೆ ನಿಂತರು. ಮಾತು ಮನೆಯಲ್ಲಿ ಆಡುವ ತುಳುವಿನಲ್ಲೇ ಆಯಿತು. ಕನ್ನಡದಲ್ಲಿ ಬರೆದರೆ ಹೀಗೆ.

"ಇದಿನ್ನು ಹೆಂಗಸಲ್ಲ ಮಾರಾಯ, ಗೋಣಿಚೀಲ. ಎತ್ತಿ ಇಡುವುದಕ್ಕೇ ಎರಡು ಜನ ಬೇಕು" ಎಂದರು ಭಾವ. "ನಿನಗಿನ್ನೂ ನಲವತ್ತು ಆಗ್ಲಿಲ್ಲ. ಮಗುವಿಗೊಂದು ವ್ಯವಸ್ಥೆ ಆಗಬೇಕಲ್ಲ. ಇದನ್ನು ಅದರ ತಮ್ಮನಲ್ಲಿಗೆ ಕಳಿಸು. ಮತ್ತಿನದು ಆಮೇಲೆ ನೋಡುವ."

ನಾನು ಸದಾನಂದನ ಮಾತಿಗಾಗಿ ಕಾದೆ. ಯಂತ್ರ ಒಮ್ಮೆ ಉಸಿರು ತುಂಬಿತು, ಬಿಟ್ಟಿತು. ಮತ್ತೆ ತುಂಬಿತು, ಬಿಟ್ಟಿತು. ಹಾಗೆ ಹನ್ನೊಂದು ಸಲ ಆಯಿತು. ಆಮೇಲೆ ಅವನು, "ಕ್ಯಾಂಟೀನಿನಲ್ಲಿ ಚಹಾ ಕುಡಿಯುವನಾ?" ಎಂದ. ಇಬ್ಬರೂ ಹೋದರು.

ನೀವು ಯಾವತ್ತಾದರೂ ಅಂಥ ಹಾಸಿಗೆಯ ಪಕ್ಕ ನಿಂತಿದ್ದರೆ, ದಯವಿಟ್ಟು ಹೊರಗೆ ಹೋಗಿ ಮಾತಾಡಿ. ಮಲಗಿದವರಿಗೆ ಬೇರೆ ಕೆಲಸವಿರುವುದಿಲ್ಲ. ಒಂದೊಂದು ಶಬ್ದವನ್ನೂ ಬಾಯಿಪಾಠ ಮಾಡುತ್ತಾರೆ. ನಾನು ಮಾಡಿದೆ. ಅಲ್ಲಿಯವರೆಗೆ ದೇವರೇ ಕರೆದುಕೋ ಎಂದು ಬೇಡುತ್ತಿದ್ದವಳು, ಅವತ್ತಿನಿಂದ ಬೇಡುವುದನ್ನು ಬಿಟ್ಟೆ. ಈ ಇಬ್ಬರ ಎದುರು ಒಂದು ದಿನ ನನ್ನ ಕಾಲ ಮೇಲೆ ನಾನು ನಿಲ್ಲಬೇಕು, ಅಷ್ಟರವರೆಗೆ ಸಾಯಬಾರದು. ಅಷ್ಟೇ ನನ್ನ ಪ್ರಾರ್ಥನೆ. ಅದು ಪ್ರಾರ್ಥನೆಯೋ ಹಟವೋ ದೇವರಿಗೇ ಗೊತ್ತು.

ನಳಿಗೆ ತೆಗೆದ ಮೇಲೆ, ಎರಡು ತಿಂಗಳಿಗೆ, ನನ್ನನ್ನು ನೆರೂಳಕ್ಕೆ ಕಳಿಸಿದರು. ನನ್ನ ತಮ್ಮ ಉಮೇಶನದು ಗ್ರೌಂಡ್ ಫ್ಲೋರಿನ ಒಂದು ಬೆಡ್‌ರೂಮಿನ ಮನೆ. "ಅಲ್ಲಿ ಮೆಟ್ಟಿಲಿಲ್ಲ, ನಿನಗೆ ಅನುಕೂಲ" ಎಂದ ಸದಾನಂದ. ಮಗಳು ನಿಶಾಗೆ ಆಗ ಏಳು ವರ್ಷ. ಶಾಲೆ ಇದೆ ಎಂದು ಅವಳನ್ನು ಅಲ್ಲೇ ಉಳಿಸಿಕೊಂಡರು. ಹೇಳಿದ್ದೆಲ್ಲ ಸರಿಯೇ ಇತ್ತು, ತಪ್ಪು ಹಿಡಿಯಲು ಎಲ್ಲಿಯೂ ಜಾಗವಿರಲಿಲ್ಲ.

ಹಾಲಿನಲ್ಲಿ ಮಂಚ ಹಾಕಿ ನನ್ನನ್ನು ಮಲಗಿಸಿದರು. ಉಮೇಶನ ಹೆಂಡತಿ ಸ್ಮಿತಾ ಮರಾಠಿಯವಳು. ಅವರಲ್ಲಿ ಅಕ್ಕನಿಗೆ ತಾಯಿ ಎನ್ನುತ್ತಾರೆ. ನನ್ನನ್ನು ಎರಡು ಕಂಕುಳ ಹಿಡಿದು ಎಬ್ಬಿಸಿ, ಸ್ಟೂಲಿನ ಮೇಲೆ ಕೂರಿಸಿ ನೀರು ಹೊಯ್ಯುವಾಗ "ತಾಯೀ, ಡೋಳೆ ಮಿಟಾ" ಎನ್ನುವಳು, ಕಣ್ಣು ಮುಚ್ಚು ಎಂದು. ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಮೊದಲು ನಾಚಿಕೆಯಿಂದ ಅಳು ಬರುತ್ತಿತ್ತು. ಅವಳು ಅದನ್ನು ಗಮನಿಸದವಳ ಹಾಗೆ ಟೀವಿಯ ಧಾರಾವಾಹಿಯ ಕಥೆ ಹೇಳುತ್ತ ಬೆನ್ನು ಉಜ್ಜುತ್ತಿದ್ದಳು.

ಸದಾನಂದ ಮೊದಲು ಪ್ರತಿ ಭಾನುವಾರ ಸೇಬು ಹಿಡಿದು ಬಂದ. ಆಮೇಲೆ ಹದಿನೈದು ದಿನಕ್ಕೊಮ್ಮೆ. ಆಮೇಲೆ ಫೋನು. ನಿಶಾಳನ್ನು ಕರೆತನ್ನಿ ಎಂದರೆ, "ಅವಳಿಗೆ ಪರೀಕ್ಷೆ" ಎನ್ನುತ್ತಿದ್ದ. ಎರಡನೇ ತರಗತಿಯ ಮಗುವಿಗೆ ಅಷ್ಟೊಂದು ಪರೀಕ್ಷೆಗಳು.

ನನಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದವರು ಧಾರವಾಡ ಕಡೆಯ ರೇಣುಕಾ ಮೇಡಂ. ಮೊದಲ ತಿಂಗಳು ಚಮಚ ಹಿಡಿಯುವುದೇ ಪಾಠ. ಆಮೇಲೆ ಹಾಸಿಗೆಯಲ್ಲಿ ಮಗ್ಗುಲಾಗುವುದು, ಕೂರುವುದು, ಮೇಜು ಹಿಡಿದು ನಿಲ್ಲುವುದು. ಆರನೇ ತಿಂಗಳಿಗೆ ವಾಕರ್ ಹಿಡಿದು ಅಡುಗೆಮನೆಯವರೆಗೆ ಹೋದೆ. ವಾಕರ್ ಬಿಟ್ಟ ಕೂಡಲೇ ಅವರಿಗೆ ಗೊತ್ತಿಲ್ಲದೆ ನಾನು ಬಿಲ್ಡಿಂಗಿನ ಮೆಟ್ಟಿಲು ಹತ್ತುವ ಅಭ್ಯಾಸ ಶುರುಮಾಡಿದೆ. ಪ್ರತಿ ಮೆಟ್ಟಿಲಿಗೂ ಒಮ್ಮೆ 'ಗೋಣಿಚೀಲ' ಎಂದು ಹಲ್ಲು ಕಚ್ಚಿ ಹತ್ತುವುದು. ನಾಲ್ಕು ದಿನ ಹಾಗೆ ಮಾಡಿ ಐದನೇ ದಿನ ಏಳಲಾಗದೆ ಬಿದ್ದುಕೊಂಡೆ. ಕಾಯಿಲೆ ತಿರುಗಿ ಬಂತೆಂದು ಸ್ಮಿತಾ ಹೆದರಿ ಮೇಡಂಗೆ ಫೋನ್ ಮಾಡಿದಳು.

ರೇಣುಕಾ ಮೇಡಂ ಬಂದು ನೋಡಿ, ಎಲ್ಲವನ್ನೂ ಬಾಯಿಬಿಡಿಸಿದರು.

"ಯಾರ ಮ್ಯಾಲಿನ ಸಿಟ್ಟರೀ ಇದು?" ಎಂದು ಕೇಳಿದರು.

ಹೇಳಿದೆ. ಆ ಹನ್ನೊಂದು ಉಸಿರಿನ ಕಥೆಯನ್ನು ಮೊದಲ ಸಲ ಒಬ್ಬರಿಗೆ ಹೇಳಿದ್ದು ಅವತ್ತು.

ಅವರು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ತಿಕ್ಕಿದರು. ಕ್ಷಮಿಸಿಬಿಡಿ ಎನ್ನುತ್ತಾರೇನೋ ಎಂದುಕೊಂಡಿದ್ದೆ. ಗಂಡ ಬರುವುದನ್ನು ಬಿಟ್ಟದ್ದಕ್ಕೇ ಬಂದುಹೋದವರೆಲ್ಲ ಹಾಗೆ ಹೇಳುತ್ತಿದ್ದರು. ಮೇಡಂ ಹಾಗೆನ್ನಲಿಲ್ಲ. "ಸಿಟ್ಟು ಇರ್ಲಿ ಬಿಡ್ರಿ. ಆದ್ರ ನಿಮ್ಮ ನರಕ್ಕ ನಿಮ್ಮ ಭಾವ ಯಾರು ಅಂತ ಗೊತ್ತಿಲ್ಲ. ಅದಕ್ಕ ಎಷ್ಟು ಆಗ್ತದೋ ಅಷ್ಟ ಮಾಡ್ತದ. ಇವತ್ತ ಹತ್ತು ಮೆಟ್ಟಲಾ ಅಂದ್ರ ಹತ್ತ. ಹನ್ನೊಂದನೇದು ಏರಿದ್ರ ನಾ ಬರಾಂಗಿಲ್ಲ ನೋಡ್ರಿ."

ಹತ್ತೇ ಹತ್ತಿದೆ. ಆದರೆ ಬುದ್ಧಿ ಪೂರ್ತಿ ಬಂದಿರಲಿಲ್ಲ. ವರ್ಷ ತುಂಬುವ ಮೊದಲೇ ಒಂದು ಭಾನುವಾರ ಉಮೇಶನನ್ನು ಎಳೆದುಕೊಂಡು ಠಾಕುರ್ಲಿಗೆ ಹೋದೆ. ಅವನನ್ನು ಕೆಳಗೇ ನಿಲ್ಲಿಸಿ, ಮೂರು ಮಾಳಿಗೆಯನ್ನು ಒಬ್ಬಳೇ ಹತ್ತಿದೆ. ಕಠಡಾ ಹಿಡಿದೇ ಹತ್ತಿದ್ದು, ಆದರೂ ಹತ್ತಿದೆ.

ಸದಾನಂದ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟ. ಒಳಗೆ ನಿಶಾ ಟೀವಿಯ ಮುಂದಿದ್ದವಳು ಎದ್ದಳು. ಓಡಿ ಬರುತ್ತಾಳೆಂದು ಕೈ ಚಾಚಿದೆ. ಬರಲಿಲ್ಲ. ಸೋಫಾದ ಹಿಂದೆ ಸರಿದು ಕೇಳಿದಳು: "ಮಮ್ಮೀ, ಆಪ್‌ಕೀ ಬೀಮಾರೀ ಮುಝೇ ಭೀ ಲಗೇಗೀ ಕ್ಯಾ?"

ನನ್ನ ಕಾಯಿಲೆ ಅವಳಿಗೂ ಅಂಟುತ್ತದೆ ಎಂದು ಯಾರೋ ಹೇಳಿದ್ದರು. ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಸದ್ದು ಕೇಳಿ ಎದುರು ಬಾಗಿಲಿನಿಂದ ಭಾವ ಆಗಲೇ ಬಂದು ನಿಂತಿದ್ದರು.

"ಇಲ್ಲ ಮಗಾ, ಅದು ಅಂಟುವುದಿಲ್ಲ" ಎಂದು ಹತ್ತಿರ ಹೋದೆ. ಅವಳ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ. ಅವಳ ಕಾಲ್ಬೆರಳು ನೆಲ ಬಿಟ್ಟಿತು, ಅಷ್ಟೇ. ನನ್ನ ತೋಳು ಕುಸಿದವು. ಇಬ್ಬರೂ ಬಿದ್ದೆವು. ಟೀಪಾಯಿಯ ಅಂಚು ತಾಗಿ ಅವಳ ಮೊಣಕೈಯಲ್ಲಿ ರಕ್ತ ಬಂತು.

"ನೋಡಿದೆಯಾ? ಇದಕ್ಕೇ ನಾನು ಹೇಳಿದ್ದು" ಎಂದರು ಭಾವ, ನನಗಲ್ಲ, ತಮ್ಮನಿಗೆ. "ಒಂದು ಲೋಟ ಹಿಡಿಯಲಾಗದವಳ ಕೈಗೆ ಮಗುವನ್ನು ಕೊಡುವುದಾ?"

ಸದಾನಂದ ಮಗುವನ್ನು ಎತ್ತಿಕೊಂಡು ಒಳಗೆ ಹೋದ. ನೆಲದ ಮೇಲೆ ಬಿದ್ದಿದ್ದ ನನ್ನತ್ತ ಒಂದು ಕೈ ಚಾಚಲಿಲ್ಲ. ಬಾಗಿಲು ಹಿಡಿದು ಎದ್ದೆ. ಕಾಲಿನಲ್ಲಿ ಇಳಿಯುವ ಶಕ್ತಿ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಒಂದೊಂದಾಗಿ ಜಾರುತ್ತ ಇಳಿದೆ. ಎರಡನೇ ಮಾಳಿಗೆಯಲ್ಲಿ ಅಕ್ಕಪಕ್ಕದವರು ಬಾಗಿಲು ತೆರೆದು ನೋಡಿ, ಸದ್ದಾಗದಂತೆ ಮುಚ್ಚಿಕೊಂಡರು. ಅಷ್ಟರಲ್ಲಿ ಉಮೇಶ ಓಡಿ ಬಂದ.

ವಾಪಸು ಬರುವಾಗ ಟ್ರೇನಿನಲ್ಲಿ ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಅಳಲಿಲ್ಲ. "ನಿಶಾಳ ತೂಕ ಎಷ್ಟು ಅಂತ ತಿಳ್ಕೊಂಡು ಬಾ" ಎಂದೆ. ಅವನು ನನ್ನ ತಲೆ ಕೆಟ್ಟಿತೆಂದು ತಿಳಿದಿರಬೇಕು.

ನಿಶಾಳ ಕ್ಲಾಸ್ ಟೀಚರ್ ಒಳ್ಳೆಯವರು. ತಾಯಿಗೆ ಕೇಳುವ ಹಕ್ಕಿದೆ ಎಂದು ಪ್ರಗತಿಪತ್ರದ ಝೆರಾಕ್ಸ್ ಕೊಟ್ಟರು. ಗಣಿತ, ಇಂಗ್ಲಿಷು, ಹಾಜರಿ, ಕೆಳಗೆ ಎತ್ತರ ಮತ್ತು ತೂಕ. ಇಪ್ಪತ್ನಾಲ್ಕು ಕಿಲೋ. ಶನಿವಾರ ಶಾಲೆ ಬಿಟ್ಟಾಗ ಗೇಟಿನ ಬಳಿ ಹದಿನೈದು ನಿಮಿಷ ಮಗಳ ಜೊತೆ ಕೂರಲು ಕೂಡ ಅವರೇ ಅನುವು ಮಾಡಿಕೊಟ್ಟರು. ಮೊದಲ ಎರಡು ಶನಿವಾರ ಅವಳು ಒಂದು ಮೊಳ ದೂರವೇ ಕೂತಳು. ಮೂರನೆಯ ಶನಿವಾರ ನನ್ನ ಡಬ್ಬಿಯಿಂದ ನೀರುದೋಸೆ ತಿಂದಳು.

ರೇಣುಕಾ ಮೇಡಂ, "ನನ್ನ ಕೆಲಸ ಮುಗೀತು, ಇನ್ನ ನಿಮಗ ಭಾರ ಬೇಕು" ಎಂದು ಹೇಳಿ ಕಳಿಸಿದ್ದು ತುರ್ಭೆಯ ಒಂದು ಶೆಡ್ಡಿಗೆ. ಅಲ್ಲಿ ಕಬ್ಬಿಣ ಎತ್ತಿಸುತ್ತಿದ್ದವರು ಶಿಂದೆ ಮಾಮಾ. ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವರು. ಅರವತ್ತರ ಮೇಲೆ ವಯಸ್ಸು, ಕುತ್ತಿಗೆ ಭುಜದೊಳಗೆ ಸೇರಿಹೋಗಿತ್ತು. ಶೆಡ್ಡಿನಲ್ಲಿ ತುಕ್ಕು ಹಿಡಿದ ತೂಕದ ತಟ್ಟೆಗಳು, ಎರಡು ಸಲಾಕೆ, ಒಂದು ಬೆಂಚು. ಬರುವವರೆಲ್ಲ ಲೋಡರುಗಳು, ಕಾರ್ಖಾನೆಯ ಹುಡುಗರು.

"ಇಧರ್ ಔರತ್ ನಹೀ ಆತೀ, ಬಾಯೀ" ಎಂದರು ಮಾಮಾ, ಇಲ್ಲಿಗೆ ಹೆಂಗಸರು ಬರುವುದಿಲ್ಲ ಎಂದು.

"ಈಗ ಬಂದಿದ್ದೇನಲ್ಲ" ಎಂದೆ ಹಿಂದಿಯಲ್ಲಿ.

ನನ್ನ ಕೋಲು ಕಾಲನ್ನು ನೋಡಿದರು, ಬಾಗಿದ ಬೆರಳನ್ನು ನೋಡಿದರು. "ಹಫ್ತೇ ಮೇ ತೀನ್ ದಿನ್. ತೀನ್ ಮತಲಬ್ ತೀನ್. ದೋ ನಹೀ, ಚಾರ್ ಭೀ ನಹೀ." ವಾರಕ್ಕೆ ಮೂರೇ ದಿನ. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ.

ಮೊದಲ ತಿಂಗಳು ಬರೀ ಪೊರಕೆ ಕೋಲು. ಕಾಲು ಎಲ್ಲಿಡಬೇಕು, ಬೆನ್ನು ಹೇಗಿರಬೇಕು, ಉಸಿರು ಯಾವಾಗ ಹಿಡಿಯಬೇಕು. ಆಮೇಲೆ ಐದು ಕಿಲೋ. ಸಲಾಕೆ ಎತ್ತುವಾಗಲೆಲ್ಲ ನಾನು ಭಾವನ ಮುಖವನ್ನು ಕಣ್ಣ ಮುಂದೆ ತಂದುಕೊಂಡು ಜಗ್ಗುತ್ತಿದ್ದೆ. ಬೆನ್ನು ಬಾಗುತ್ತಿತ್ತು. ಮಾಮಾ ಪ್ರತಿ ಸಲ ಬೆತ್ತದಿಂದ ಬೆನ್ನು ಮುಟ್ಟಿ ಹೇಳುವರು: "ಬೋರೀ ಸೇ ಝಗಡಾ ನಹೀ ಕರನೇ ಕಾ. ಉಸಕೋ ಪಾಸ್ ಲೇನೇ ಕಾ." ಮೂಟೆಯ ಜೊತೆ ಜಗಳ ಬೇಡ, ಮೈಗೆ ಹತ್ತಿರ ತೆಗೆದುಕೋ ಎಂದು. ಮುಖವನ್ನು ಬಿಟ್ಟು ಕಾಲನ್ನು ನೆನೆದಾಗ ಭಾರ ಏರಿತು. ಸಿಟ್ಟು ನನ್ನನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿತ್ತು, ಬಸ್ಸಿಗೆ ಹತ್ತಿಸುತ್ತಿತ್ತು. ಶೆಡ್ಡಿನ ಬಾಗಿಲಿಗೆ ಬಂದ ಮೇಲೆ ಅದನ್ನು ಹೊರಗೆ ನಿಲ್ಲಿಸಿ ಒಳಗೆ ಹೋಗಬೇಕಿತ್ತು. ಮುಗಿಸಿ ಬರುವಾಗ ಅದು ಅಲ್ಲೇ ನನಗಾಗಿ ಕಾದಿರುತ್ತಿತ್ತು.

ಮೊಟ್ಟೆ, ಬೂತಾಯಿ ಮೀನು, ನೆನೆಸಿದ ಕಡಲೆ. ಸ್ಮಿತಾ ಹಾಕಿದ್ದನ್ನೆಲ್ಲ ತಿಂದೆ. ಕಂಪನಿಯವರು ಹಳೆಯ ಸ್ಟೋರಿನ ಕೆಲಸ ಮತ್ತೆ ಕೊಟ್ಟರು. ಎಷ್ಟೋ ವಾರ ಒಂದು ಕಿಲೋ ಕೂಡ ಏರುತ್ತಿರಲಿಲ್ಲ. ಜ್ವರ ಬಂದು ಹದಿನೈದು ದಿನ ಬಿಟ್ಟಾಗ ಮೂರು ತಿಂಗಳ ಗಳಿಕೆ ಹೋಯಿತು. ಇತ್ತ ಮಗಳು ಬೆಳೆಯುತ್ತಲೇ ಇದ್ದಳು. ನಾನು ಇಪ್ಪತ್ತನ್ನು ಮುಟ್ಟಿದಾಗ ಅವಳು ಇಪ್ಪತ್ತಾರು. ನಾನು ಇಪ್ಪತ್ತಾರು ಎತ್ತಿದ ದಿನ ಹೊಸ ಪ್ರಗತಿಪತ್ರ ಬಂತು: ಇಪ್ಪತ್ತೆಂಟು. ಅದನ್ನು ಓದಿ ನಕ್ಕೆ. ಕಾಯಿಲೆ ಬಿದ್ದ ಮೇಲೆ ನನ್ನ ಮುಖದ ಎರಡೂ ಬದಿ ಸಮವಾಗಿ ನಕ್ಕದ್ದು ಅದೇ ಮೊದಲು ಎಂದು ಸ್ಮಿತಾ ಹೇಳಿದಳು.

ಎರಡನೇ ಸಲ ಹೋದದ್ದು ದೀಪಾವಳಿ ರಜೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ನಾನು ನಲವತ್ತು ಕಿಲೋ ಮೂಟೆಯನ್ನು ಎದೆಗವಚಿಕೊಂಡು ಶೆಡ್ಡಿನ ಸುತ್ತ ಮೂರು ಸುತ್ತು ನಡೆಯುತ್ತಿದ್ದೆ. ಯಾರನ್ನೂ ಜೊತೆಗೆ ಕರೆದೊಯ್ಯಲಿಲ್ಲ. ಕಠಡಾ ಮುಟ್ಟಲಿಲ್ಲ.

ಭಾವ ಬನಿಯನ್ನಿನಲ್ಲಿ ಅವರ ಬಾಗಿಲಲ್ಲೇ ಪೇಪರ್ ಹಿಡಿದು ನಿಂತಿದ್ದರು. "ಯಾರು ಕರೆದದ್ದು ನಿನ್ನನ್ನು?"

"ಯಾರೂ ಕರೀಲಿಲ್ಲ ಭಾವ. ನನ್ನನ್ನು ಎತ್ತಿ ಇಡಲು ಎರಡು ಜನ ಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಿರಲ್ಲ, ಒಬ್ಬಳೇ ಬಂದಿದ್ದೇನೆ. ಗೋಣಿಚೀಲ ನಡ್ಕೊಂಡು ಬಂದಿದೆ, ನೋಡಿ."

ಅವರ ಕೈಯಲ್ಲಿದ್ದ ಪೇಪರ್ ಮಡಿಚಿಕೊಂಡಿತು. ಸದಾನಂದ ನಮ್ಮ ಬಾಗಿಲಿಗೆ ಬಂದಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

"ನಿನಗೆ... ಕೇಳ್ತಿತ್ತಾ?"

"ಎಲ್ಲ ಕೇಳ್ತಿತ್ತು. ಅವರು ಹೇಳಿದ್ದೂ ಕೇಳ್ತಿತ್ತು, ನೀವು ಏನೂ ಹೇಳದೆ ಇದ್ದದ್ದೂ ಕೇಳ್ತಿತ್ತು. ಚಹಾ ಚೆನ್ನಾಗಿತ್ತಾ?"

ಅವನು ಚೌಕಟ್ಟಿಗೆ ಒರಗಿದ. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಕ್ಷಣಕ್ಕಾಗಿ ಕಾದಿದ್ದೆ. ಸೇಡು ತೀರಿಸಿಕೊಂಡರೆ ಮನಸ್ಸು ಖಾಲಿ ಖಾಲಿ ಅನಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಬಹಳ ಚೆನ್ನಾಗಿತ್ತು. ಸುಳ್ಳು ಯಾಕೆ ಬರೆಯಲಿ?

"ಬರ್ತೀಯಾ?" ಎಂದು ಅವನ ಹಿಂದೆ ನಿಂತಿದ್ದ ನಿಶಾಳನ್ನು ಕೇಳಿದೆ. ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಒಳಗೆ ಹೋಗಿ ಶಾಲೆಯ ಚೀಲ ಹಾಕಿಕೊಂಡು ಬಂದಳು.

ಒಂಬತ್ತು ತುಂಬಿದ ಮಗು. ನಡೆದೇ ಬರಬಹುದಿತ್ತು. ನಾನು ಬಗ್ಗಿ, ಮಾಮಾ ಕಲಿಸಿದಂತೆ ಮೈಗೆ ಹತ್ತಿರ ತೆಗೆದುಕೊಂಡು, ಚೀಲದ ಸಮೇತ ಎತ್ತಿದೆ. ಭಾವನ ಎದುರಿನಿಂದಲೇ ತಿರುಗಿ ಇಳಿಯತೊಡಗಿದೆ. "ಮಮ್ಮೀ, ಛೋಡೋ ನಾ, ಸಬ್ ದೇಖ್ ರಹೇ ಹೈ" ಎಂದು ಅವಳು ಕಿವಿಯಲ್ಲಿ ಗುಣುಗಿದಳು. ಎಲ್ಲರೂ ನೋಡಲಿ ಎಂದೇ ನಾನು ಎತ್ತಿದ್ದು. ಎರಡನೇ ಮಾಳಿಗೆಯಲ್ಲಿ ಬಾಗಿಲುಗಳು ತೆರೆದವು. ನಾನು ಅಲ್ಲಿ ಬೇಕೆಂದೇ ನಿಧಾನ ಮಾಡಿದೆ. ಮೊದಲ ಮಾಳಿಗೆಗೆ ಬರುವಾಗ ಅವಳು ಅಳುತ್ತಿದ್ದಳು. ಆಗಲೂ ಇಳಿಸಲಿಲ್ಲ. ಗೇಟು ದಾಟಿದ ಮೇಲೆ ಇಳಿಸಿದೆ.

ಟ್ರೇನು ಮುಂಬ್ರಾ ದಾಟಿದ ಮೇಲೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಹಿಂದಿಯಲ್ಲಿ ಕೇಳಿದಳು: "ನೀನು ನನ್ನನ್ನು ಎತ್ತಿದ್ದು ದೊಡ್ಡಪ್ಪನಿಗೆ ತೋರಿಸಲಿಕ್ಕೆ, ಅಲ್ವಾ?"

"ಹೌದು" ಎಂದೆ.

"ಇನ್ನು ಯಾವತ್ತೂ ಹಾಗೆ ಮಾಡಬೇಡ."

ಆಗಲಿ ಎಂದೆ. ಅವಳನ್ನು ಹಾಗೆ ಎತ್ತಿ ತೋರಿಸಿದ್ದಕ್ಕೆ ಮಾತ್ರ ನನಗೆ ನಾಚಿಕೆಯಿದೆ, ಉಳಿದ ಯಾವುದಕ್ಕೂ ಇಲ್ಲ.

ಆಮೇಲಿನದು ವಕೀಲರ ಕೆಲಸ. ನಿಶಾ ನನ್ನ ಜೊತೆ, ನೆರೂಳದಲ್ಲೇ, ಉಮೇಶನ ಮನೆಯಿಂದ ಎರಡು ಗಲ್ಲಿ ಆಚೆ ಬಾಡಿಗೆ ಮನೆ. ಸದಾನಂದ ಎರಡು ಸಲ ಬಂದು, "ಮರೆತುಬಿಡು, ಮನೆಗೆ ಬಾ" ಎಂದ. ಎರಡು ಸಲವೂ ಚಹಾ ಕೊಟ್ಟು ಕಳಿಸಿದೆ. ಭಾವ ಅಂದಿನಿಂದ ನನ್ನ ಹೆಸರು ಎತ್ತುವುದಿಲ್ಲವಂತೆ. ನನ್ನ ಎಡಗಾಲಿನ ಮೂರು ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ. ದಣಿದ ದಿನ ಮಾತು ಸ್ವಲ್ಪ ತೊದಲುತ್ತದೆ. ವಾರಕ್ಕೆ ಮೂರು ದಿನ ಶೆಡ್ಡಿಗೆ ಹೋಗುತ್ತೇನೆ. ಮೂರೆಂದರೆ ಮೂರೇ. ಈಗ ಅಲ್ಲಿ ಇನ್ನೂ ನಾಲ್ಕು ಹೆಂಗಸರು ಬರುತ್ತಾರೆ.

ನೀವು ಈಗ ಕಣ್ಣಿಗೆ ಟೇಪು ಹಾಕಿಸಿಕೊಂಡು ಮಲಗಿದ್ದರೆ, ಇದನ್ನು ಯಾರಾದರೂ ನಿಮಗೆ ಓದಿ ಹೇಳುತ್ತಿದ್ದರೆ, ಕೇಳಿಸಿಕೊಳ್ಳಿ. ಕ್ಷಮಿಸಲು ಆಗದಿದ್ದರೆ ಅದಕ್ಕಾಗಿ ಮರುಗಬೇಡಿ. ಮೊದಲು ಚಮಚ ಹಿಡಿಯಿರಿ.

ನಿಶಾಗೆ ಹದಿಮೂರು ಆದಾಗ ಒಂದು ದಿನ ಊಟ ಮಾಡುತ್ತ ಹೇಳಿದಳು, ಈಗವಳು ಮನೆಯಲ್ಲಿ ತುಳುವನ್ನೇ ಆಡುತ್ತಾಳೆ: "ಅಮ್ಮ, ನನಗೆ ಪಪ್ಪನನ್ನು ನೋಡ್ಬೇಕು. ನಿನಗೆ ಬೇಜಾರಾಗ್ತದೆ ಅಂತ ಇಷ್ಟು ದಿನ ಹೇಳ್ಲಿಲ್ಲ."

ಬಾಯಿಯವರೆಗೆ ಏನೇನೋ ಮಾತು ಬಂತು. ನುಂಗಿಕೊಂಡೆ. ಅದು ನಾನು ಎತ್ತಿದ ಎಲ್ಲ ಭಾರಕ್ಕಿಂತ ಹೆಚ್ಚಿತ್ತು. "ಹೋಗು" ಎಂದೆ.

ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ನಾನೇ ಅವಳನ್ನು ಠಾಣೆಯವರೆಗೆ ಬಿಟ್ಟುಬರುತ್ತೇನೆ. ಸದಾನಂದ ಪ್ಲಾಟ್‌ಫಾರ್ಮಿನ ಚಹಾದಂಗಡಿಯ ಬಳಿ ಕಾಯುತ್ತಿರುತ್ತಾನೆ. ಹೊಟ್ಟೆ ಬಂದಿದೆ, ಕೂದಲು ಉದುರಿದೆ. ಮಗಳನ್ನು ನೋಡಿದಾಗ ಅವನ ಮುಖ ಬೆಳಗುವುದನ್ನು ನಾನು ನೋಡುತ್ತೇನೆ, ಅದು ಸುಳ್ಳಲ್ಲ ಎಂದೂ ಬಲ್ಲೆ. ಆಮೇಲೆ ಅವನ ಕಣ್ಣು ನನ್ನ ಕಡೆಗೆ ಬಂದು, ತೋಳಿನ ಮೇಲೆ ನಿಂತು, ಗಡಿಬಿಡಿಯಲ್ಲಿ ಬೇರೆಡೆಗೆ ಸರಿಯುತ್ತದೆ.

ಆ ಭಾನುವಾರಗಳಿಗೆಂದೇ ನಾನು ತೋಳಿಲ್ಲದ ನಾಲ್ಕು ರವಿಕೆ ಹೊಲಿಸಿದ್ದೇನೆ. ಕೈ ಬೀಸಿ ಮಗಳನ್ನು ಕಳಿಸುತ್ತೇನೆ. ಅವರಿಬ್ಬರ ಟ್ರೇನು ಕಣ್ಮರೆಯಾಗುವವರೆಗೆ ಕೈ ಇಳಿಸುವುದಿಲ್ಲ.